ಅಟ್ಟಕ್ಕೇರಿದ ಅತ್ತಿಗೆ

ನಮ್ಮಣ್ಣನನ್ನು ಊರೆಲ್ಲ ಮೊಲದಣ್ಣ ಎಂದೇ ಕರೆಯುವುದು. ಪಾರ್ಕುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಬಾಯಿ ತೆರೆದು ನಿಂತ ಸಿಮೆಂಟಿನ ಮೊಲಗಳಿವೆಯಲ್ಲ, ಹೊಟ್ಟೆಯ ಮೇಲೆ ‘ನನ್ನನ್ನು ಉಪಯೋಗಿಸಿ’ ಎಂದು ಬರೆದಿರುತ್ತದೆಯಲ್ಲ, ಅವೆಲ್ಲ ಅವನ ಕೈಯಿಂದ ಬಂದವು. ಕಲಾಶಾಲೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ಕಸದ ಬುಟ್ಟಿ ಮಾಡಿಕೊಂಡು ಸಂಸಾರ ಸಾಗಿಸಿದ. “ನನ್ನ ಶಿಲ್ಪದ ಮುಂದೆ ಬಂದೋರು ಏನಾದ್ರೂ ಕೊಟ್ಟೇ ಹೋಗ್ತಾರೆ. ಯಾವ ಕಲಾವಿದನಿಗಿದೆ ಈ ಭಾಗ್ಯ?” ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ. ತಂಗಿಯಾದ ನಾನು ನಗುತ್ತಿದ್ದೆ. ಅತ್ತಿಗೆ ನಗುತ್ತಿರಲಿಲ್ಲ.

“ಒಂದು ಸಲ ಬಾಯಿ ಮುಚ್ಚಿರೋ ಮೊಲ ಮಾಡಿ ನೋಡ್ರೀ, ಎಷ್ಟು ಚಂದ ಇರುತ್ತೆ” ಎನ್ನುತ್ತಿದ್ದರು.

“ಬಾಯಿ ಮುಚ್ಚಿರೋ ಮೊಲ ಯಾರಿಗೆ ಬೇಕೇ, ಹುಚ್ಚಿ?”

ಅತ್ತಿಗೆಗೆ ಮದುವೆಯಾದ ವರ್ಷವೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ನಮ್ಮಮ್ಮ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, “ಇವಳು ಓದೋಕೆ ಹೋದ್ರೆ ಒಲೆ ಹಚ್ಚೋರ್ಯಾರು?” ಅಂದಳು. ಅಣ್ಣ ತುಟಿಪಿಟಕ್ಕೆನ್ನಲಿಲ್ಲ. ಅತ್ತಿಗೆ ಒಲೆ ಹಚ್ಚಿದರು. ಅಂಗಡಿಯವನು ಸಾಮಾನು ಕಟ್ಟಿಕೊಟ್ಟ ಹಳೇ ಕಾಗದವನ್ನು ಬಿಚ್ಚಿ, ಅಂಗೈಯಿಂದ ಸುಕ್ಕು ತೀಡಿ, ಹಿತ್ತಿಲ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಹರಡಿಕೊಂಡು ಓದುತ್ತಿದ್ದರು. ಕಥೆ ಅರ್ಧಕ್ಕೆ ನಿಂತರೆ, “ಮಿಕ್ಕಿದ್ದು ಯಾರ ಮನೆಗೆ ಸಕ್ಕರೆ ಕಟ್ಕೊಂಡು ಹೋಯ್ತೋ” ಎಂದು ಎದ್ದು ಒಳಗೆ ಹೋಗುತ್ತಿದ್ದರು. ಹಾಗೆ ಓದುವಾಗ ಅವರ ಮುಖ ನೋಡಬೇಕಿತ್ತು. ಯಾರ ಹಂಗೂ ಇಲ್ಲದ ಮುಖ ಅದು. ಬೇರೆ ಹೊತ್ತಿನಲ್ಲಿ ಆ ಮುಖ ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲ.

ಅವರು ಕಾಯಿಲೆಯಿಂದ ತೀರಿಕೊಂಡ ಮರುವರ್ಷ ಅದೇ ವಿಶ್ವವಿದ್ಯಾಲಯ ತನ್ನ ಆವರಣದಲ್ಲೊಂದು ಶಿಲ್ಪ ನಿಲ್ಲಿಸುವುದಾಗಿ ಪ್ರಕಟಣೆ ಕೊಟ್ಟಿತು. ವಿಷಯ, ಜ್ಞಾನ. ಅಣ್ಣ ಮೊಲಗಳನ್ನು ಮೂಲೆಗೆ ತಳ್ಳಿ ಮಣ್ಣು ಕಲಸಿದ. ಗಿಡ್ಡ ಮೆಟ್ಟಿಲು, ಅದರ ಮೇಲೆ ತಲೆ ಬಗ್ಗಿಸಿ ಕೂತ ಹೆಂಗಸು, ತೊಡೆಯ ಮೇಲೆ ಹರಕು ಕಾಗದ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ.

“ಇದ್ಯಾಕೆ ಖಾಲಿ?” ಎಂದು ಕೇಳಿದೆ.

“ಓದೋ ಮಕ್ಕಳು ಪಕ್ಕದಲ್ಲಿ ಬಂದು ಕೂತ್ಕೊಳ್ಳಲಿ. ಬಗ್ಗಿ ಅವಳ ಮುಖ ನೋಡಲಿ. ಬದುಕಿದ್ದಾಗಂತೂ ನಾನು ಅವಳನ್ನ ಓದೋಕೆ ಕಳಿಸಲಿಲ್ಲ ಕಣೇ. ಈಗಾದ್ರೂ ಅವರ ಮಧ್ಯೆ ಕೂರಲಿ.”

ಆಯ್ಕೆ ಸಮಿತಿಯವರು ಆ ಚಿಕ್ಕ ಮಣ್ಣಿನ ಮಾದರಿಯನ್ನು ಮೇಜಿನ ಮೇಲಿಟ್ಟು, ಸುತ್ತ ನಿಂತು, ಮೇಲಿನಿಂದ ಬಗ್ಗಿ ನೋಡಿ ತಲೆದೂಗಿದರಂತೆ. “ಮುಖದಲ್ಲಿ ಏನು ಶಾಂತಿ ಕಣ್ರೀ!” ಅಂದರಂತೆ ಕುಲಸಚಿವರು. ಕೆಲಸ ಅಣ್ಣನಿಗೇ ಸಿಕ್ಕಿತು. ಅವತ್ತು ಅವನು ಸಣ್ಣ ಹುಡುಗನ ಹಾಗೆ ಕುಣಿದದ್ದನ್ನು ನಾನು ಕಣ್ಣಾರೆ ಕಂಡೆ.

ಕಂಬಿ ಕಟ್ಟಿ, ಬಲೆ ಸುತ್ತಿ, ಆಳೆತ್ತರದ ಅತ್ತಿಗೆಯನ್ನು ಸಿಮೆಂಟಿನಲ್ಲಿ ಮೆತ್ತಿದ. ಮುಖವನ್ನು ಮಾತ್ರ ಕರಣೆ ಮುಟ್ಟಿಸದೆ ಬೆರಳಿನಲ್ಲೇ ತಿದ್ದಿದ. ಬಿರುಕು ಬಿಡದಿರಲೆಂದು ಅದರ ಮೇಲೆ ಒದ್ದೆ ಬಟ್ಟೆ ಹಾಕಿ, ಜ್ವರ ಬಂದವರ ಹಣೆಗೆ ಹಾಕಿದಂತೆ, ಗಳಿಗೆಗೊಮ್ಮೆ ಎದ್ದು ಬದಲಿಸುತ್ತಿದ್ದ. ಅತ್ತಿಗೆಯ ಕಾಯಿಲೆಯಲ್ಲಿ ಇಷ್ಟು ಸೇವೆ ಮಾಡಿದ್ದರೆ ಎಂದು ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಬಟ್ಟೆ ಅದ್ದಲು ನೀರು ತಂದಿಟ್ಟೆ.

ಆಮೇಲೆ ಕುಲಸಚಿವರು ಬಂದರು. ಹರಕು ಕಾಗದ ನೋಡಿ ಮೂಗು ಮುರಿದರು. “ಇದು ಬಡತನ ಆಗುತ್ತೆ ಕಣ್ರೀ, ಜ್ಞಾನ ಆಗಲ್ಲ. ಒಂದು ದಪ್ಪ ಪುಸ್ತಕ ಮಾಡಿ.” ಅಣ್ಣ ಹಲ್ಲು ಕಚ್ಚಿ ಕಾಗದವನ್ನು ಉಳಿಯಲ್ಲಿ ಒಡೆದು ಪುಸ್ತಕ ಮಾಡಿದ. “ಹೋಗ್ಲಿ ಬಿಡೆ, ಮುಖ ಅವಳದೇ ತಾನೆ?” ಎಂದು ನನಗೆ ಸಮಾಧಾನ ಹೇಳಿದ. ಸಮಾಧಾನ ಬೇಕಿದ್ದದ್ದು ಅವನಿಗೆ.

ಶಿಲ್ಪ ಸಾಗಿಸಿದ ದಿನ ನಾನೂ ಲಾರಿಯ ಹಿಂದೆ ಹೋದೆ. ಆಡಳಿತ ಕಚೇರಿಯ ಮುಂದಿನ ಹುಲ್ಲಿನಲ್ಲಿ ಒಂದು ಪೀಠ ಎದ್ದು ನಿಂತಿತ್ತು. ನನಗಿಂತ ಎತ್ತರ, ಅಣ್ಣನಿಗಿಂತಲೂ ಎತ್ತರ.

“ಇದ್ಯಾರಿಗೆ?” ಎಂದ ಅಣ್ಣ.

“ನಿಮ್ಮದಕ್ಕೇ” ಎಂದ ಇಂಜಿನಿಯರು. “ಸಂಸ್ಥಾಪಕರ ಪ್ರತಿಮೆಗೆ ಹಾಕಿದ್ದ ನಕ್ಷೆ ಇತ್ತು, ಅದನ್ನೇ ಕೊಟ್ಟೆ.”

“ಸಂಸ್ಥಾಪಕರು ನಿಂತಿದಾರೆ ಸಾರ್. ಇವಳು ಕೂತಿದಾಳೆ, ತಲೆ ಬಗ್ಗಿಸಿದಾಳೆ. ಅಷ್ಟು ಮೇಲಿಟ್ರೆ ಮಂಡಿ ಬಿಟ್ಟು ಇನ್ನೇನೂ ಕಾಣಲ್ಲ!”

“ಕೆಳಗಿಟ್ರೆ ಹುಡುಗರು ಪಕ್ಕದಲ್ಲೇ ಬಂದು ಕೂತ್ಬಿಡ್ತಾರೆ.”

“ಕೂರ್ಲಿ ಅಂತಾನೇ ಸಾರ್ ಮಾಡಿರೋದು!”

ಕುಲಸಚಿವರು ಬಂದು ಅಣ್ಣನ ಹೆಗಲ ಮೇಲೆ ಕೈಯಿಟ್ಟರು. “ನಿಮ್ಮ ಕೆಲಸಾನ ತಲೆ ಮೇಲೆ ಇಟ್ಕೊಂಡಿದೀವಿ, ಖುಷಿಪಡಿ. ಗೌರವ ಅಂದ್ಮೇಲೆ ಎತ್ತರ ಬೇಕಲ್ವೇ?” ಕ್ರೇನು ಅಷ್ಟರಲ್ಲಿ ಅತ್ತಿಗೆಯ ಸೊಂಟಕ್ಕೆ ಪಟ್ಟಿ ಬಿಗಿದಿತ್ತು. ಅಣ್ಣ ಅಡ್ಡ ನಿಂತ. ಇಬ್ಬರು ಕಾವಲುಗಾರರು ಮರ್ಯಾದೆಯಿಂದಲೇ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು.

ಅನಾವರಣದ ದಿನ ಪರದೆ ಜಾರಿದಾಗ ಕಂಡದ್ದು ಎರಡು ಮಂಡಿ, ಪುಸ್ತಕದ ರಟ್ಟು, ನೆತ್ತಿಯ ಒಂದಿಷ್ಟು. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು.

ಕೆಲವು ತಿಂಗಳು ಅಣ್ಣ ಆ ಕಡೆ ಸುಳಿಯಲಿಲ್ಲ. ಒಂದು ದಿನ ಅಂಗಿ ಬದಲಿಸಿಕೊಂಡು ಬಂದು, “ಕಚೇರಿಯ ಮೇಲಿನ ಮಹಡಿಯ ಕಿಟಕಿಯಿಂದ ಅವಳ ಮುಖ ಕಾಣಬಹುದು, ಬರ್ತೀಯಾ?” ಅಂದ. ಹೋದೆವು. ಜವಾನನಿಗೆ ಕೈ ಮುಗಿದು, ಗುಮಾಸ್ತರ ಕುರ್ಚಿಗಳ ಸಂದಿಯಲ್ಲಿ ನುಸುಳಿ ಕಿಟಕಿಯ ಹತ್ತಿರ ನಿಂತೆವು.

ಮುಖ ಕಂಡಿತು. ಅದೇ ಮುಖ, ಹಿತ್ತಿಲ ಮೆಟ್ಟಿಲಿನದು. ತೆರೆದ ಪುಸ್ತಕದ ತುಂಬ ಕಾಗದದ ಟೀ ಲೋಟಗಳು, ಕಿತ್ತಳೆ ಸಿಪ್ಪೆ, ಪೆನ್ನಿನ ಮುಚ್ಚಳ. ಎಲ್ಲದರ ಮೇಲೆ, ತಿಂಡಿ ಕಟ್ಟಿ ತಂದ ಎಣ್ಣೆ ಹತ್ತಿದ ಹಳೇ ಪತ್ರಿಕೆಯ ತುಂಡೊಂದು ಬಿದ್ದಿತ್ತು. ಅತ್ತಿಗೆ ತಲೆ ಬಗ್ಗಿಸಿ ಅದನ್ನೇ ಓದುತ್ತಿದ್ದರು.

ನಮ್ಮ ಪಕ್ಕದ ಗುಮಾಸ್ತ ಟೀ ಮುಗಿಸಿ, “ಸ್ವಲ್ಪ ಜಾಗ ಬಿಡಿ” ಎಂದು ಲೋಟವನ್ನು ಗುರಿಯಿಟ್ಟು ಎಸೆದ. ಸರಿಯಾಗಿ ಅತ್ತಿಗೆಯ ತೊಡೆಗೇ ಬಿತ್ತು.

ಅಣ್ಣ ಜವಾನನ ಹತ್ತಿರ ಏಣಿ ಕೇಳಿದ. ಏಣಿಗೆ ಕುಲಸಚಿವರ ಅಪ್ಪಣೆ ಬೇಕಂತೆ. ಕುಲಸಚಿವರು ಊರಲ್ಲಿರಲಿಲ್ಲ. ಬಂದ ದಾರಿಯಲ್ಲೇ ಮನೆಗೆ ಹಿಂತಿರುಗಿದೆವು.

ಆಮೇಲೆ ಪಾರ್ಕಿನ ಗುತ್ತಿಗೆದಾರ ಮೊಲಗಳನ್ನು ಮಾಡಿಕೊಡಲು ಹೇಳಿ ಹೋದ. ಅಣ್ಣ ಮಾಡಿದ. ಗುತ್ತಿಗೆದಾರ ಬಂದು ಅವುಗಳ ಸುತ್ತ ತಿರುಗಿ, “ಇದೇನು ಮೊಲದಣ್ಣ, ಎಲ್ಲ ಬಾಯಿ ಮುಚ್ಕೊಂಡಿವೆ? ಕಸ ಎಲ್ಲಿ ಹಾಕೋದು?” ಎಂದ.

“ಅದಕ್ಕೆ ವಿಶ್ವವಿದ್ಯಾಲಯದಲ್ಲಿ ಒಂದು ಮಾಡಿಕೊಟ್ಟಿದೀನಿ. ಅಲ್ಲಿ ಹಾಕಿ” ಎಂದ ಅಣ್ಣ.

ಗುತ್ತಿಗೆದಾರ ಬೇರೆಯವರನ್ನು ಹುಡುಕಿಕೊಂಡ. ಮೊಲಗಳು ನಮ್ಮ ಹಿತ್ತಿಲ ಮೆಟ್ಟಿಲ ಪಕ್ಕದಲ್ಲಿ ಸಾಲಾಗಿ ನಿಂತಿವೆ. ಅತ್ತಿಗೆ ಹೇಳಿದ್ದು ನಿಜ, ಬಹಳ ಚಂದವಾಗಿವೆ. ಇದುವರೆಗೆ ಒಂದನ್ನೂ ಯಾರೂ ಕೇಳಿಲ್ಲ.