ಸದ್ದಿಲ್ಲದೆ ಇಳಿಯುವುದು

ಬೈಸಿಕೊಳ್ಳುವುದರಲ್ಲೂ ಒಂದು ಸುಖವಿದೆ ಎಂದು ನನಗೆ ತಿಳಿದದ್ದು ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಬಿಜಾಪುರದಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಹಾಲು ಗೇಟಿನ ಚೀಲಕ್ಕೆ ಬೀಳುತ್ತಿತ್ತು, ಪೇಪರು ಬಾಲ್ಕನಿಗೆ ಹಾರಿ ಬರುತ್ತಿತ್ತು. ನನ್ನ ಬಾಗಿಲು ತಟ್ಟುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಶನಿವಾರ ಬಸ್ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳಿದ ಮೇಲೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಹೀಗಿರುವಾಗ ಪೇಪರಿನ ಪುರವಣಿಯಲ್ಲಿ ಒಂದು ವ್ಯಾಯಾಮದ ಚಿತ್ರ ಕಂಡಿತು. ಬಸ್ಕಿಯಂತೆ ಕೂತು, ಅಲ್ಲಿಂದಲೇ ಮೇಲಕ್ಕೆ ಜಿಗಿಯಬೇಕು. ಶಾಲೆಯಲ್ಲಿ ಕಿವಿ ಹಿಡಿಸಿ ಹೊಡೆಸುತ್ತಿದ್ದ ಬಸ್ಕಿಯನ್ನು ಮೂವತ್ತಾರರಲ್ಲಿ ತಾನಾಗಿಯೇ ಹೊಡೆದರೆ ಅದಕ್ಕೆ ಆರೋಗ್ಯವೆಂದು ಹೆಸರು. ಆರಂಭಿಸಿದೆ. ನಾಲ್ಕನೆಯ ಜಿಗಿತಕ್ಕೆ ಬಾಗಿಲು ಬಡಿದ ಸದ್ದು. ಕೆಳಮನೆಯ ಶಾರದಾ ಆಂಟಿ, ನಿವೃತ್ತ ಪಿ.ಟಿ. ಟೀಚರು, ಒಬ್ಬರೇ ಇರುವವರು.

“ಏನಮ್ಮಾ, ರುಬ್ಬೋ ಕಲ್ಲು ಎತ್ತೆತ್ತಿ ಹಾಕ್ತಿದೀಯಾ?”

“ತಪ್ಪಾತ್ರೀ ಆಂಟಿ. ಜಿಗ್ಯಾಕತ್ತಿದ್ದೆ.”

“ಎಲ್ಲಿ, ಜಿಗಿ ನೋಡೋಣ.”

ಜಿಗಿದೆ. ಅವರು ಹಣೆ ಚಚ್ಚಿಕೊಂಡರು.

“ಹಿಮ್ಮಡಿ ಮೇಲೆ ಬಿದ್ರೆ ಸೊಂಟ ಹೋಗತ್ತೆ ಕಣೇ. ಮುಂಗಾಲು ಮೊದ್ಲು ಊರು, ಆಮೇಲೆ ಹಿಮ್ಮಡಿ. ಮಂಡಿ ಬಗ್ಗಿಸ್ಕೊಂಡೇ ಇಳೀಬೇಕು. ಅದು ಒಳಗಡೆ ವಾಲಬಾರ್ದು, ಕಾಲ್ಬೆರಳ ಕಡೆಗೇ ಇರ್ಲಿ. ಒಂದು ವಾರ ಬರೀ ಬಸ್ಕಿ ಹೊಡಿ. ಜಿಗಿತ ಆಮೇಲೆ.”

ದಿನಾ ಬಂದು ಬೈದರು. ಪಾದಗಳ ನಡುವೆ ಭುಜದಷ್ಟು ಅಂತರ, ಕುರ್ಚಿಗೆ ಕೂರುವಂತೆ ಸೊಂಟ ಹಿಂದಕ್ಕೆ, ಎದೆ ನೇರ. ಐದು ಜಿಗಿದರೆ ಉಸಿರು ಹತೋಟಿಗೆ ಬರುವ ತನಕ ವಿಶ್ರಾಂತಿ. ಮೂರನೆಯ ವಾರಕ್ಕೆ ನಾನು ಕಾಂಪೌಂಡಿನಿಂದ ಬೆಕ್ಕು ಇಳಿದಂತೆ ಇಳಿಯತೊಡಗಿದೆ.

“ಸದ್ದೇ ಇಲ್ಲ ಅಂದ್ರೆ ಕಲಿತೆ ಅಂತ” ಎಂದು ಬೆನ್ನು ತಟ್ಟಿ ಹೋದವರು ಮತ್ತೆ ಬರಲಿಲ್ಲ. ಯಾಕಾದರೂ ಬಂದಾರು?

ಪಾಠ ಚೆನ್ನಾಗಿ ಕಲಿತದ್ದಕ್ಕೆ ಇಷ್ಟು ಪಶ್ಚಾತ್ತಾಪ ಪಟ್ಟ ವಿದ್ಯಾರ್ಥಿನಿ ಬೇರೊಬ್ಬಳು ಇರಲಿಕ್ಕಿಲ್ಲ. ಹತ್ತು ದಿನ ತಡೆದೆ. ಹನ್ನೊಂದನೆಯ ದಿನ, ನಾಚಿಕೆಯಿಂದಲೇ ಹೇಳುತ್ತೇನೆ, ಬೇಕೆಂದೇ ಹಿಮ್ಮಡಿಯೂರಿ ಧಡ್ಡೆಂದು ಬಿದ್ದೆ. ಮಂಡಿಯಲ್ಲಿ ಚಳುಕು ಹೊಡೆದು ಅಲ್ಲೇ ಕೂತುಬಿಟ್ಟೆ.

ಆಂಟಿ ಓಡಿಬಂದರು, ನೋಡಿ, ಕೆಳಗೆ ಹೋಗಿ ಟವೆಲ್ಲಿನಲ್ಲಿ ಐಸು ಸುತ್ತಿ ತಂದು ಮಂಡಿಗಿಟ್ಟರು.

“ಬೇಕು ಅಂತ್ಲೇ ಬಿದ್ದೆ ಅಲ್ವಾ?”

ನಾನು ಟವೆಲ್ಲಿನ ತುದಿ ಮಡಚತೊಡಗಿದೆ.

“ಇಷ್ಟು ವರ್ಷ ಹುಡುಗೀರನ್ನ ಕುಣಿಸಿದೀನಿ, ನಂಗೆ ಗೊತ್ತಾಗಲ್ವಾ? ಮಾತಾಡ್ಬೇಕು ಅನ್ಸಿದ್ರೆ ಕೆಳಗೆ ಬಾ. ಮಂಡಿ ಯಾಕೆ ಹಾಳ್ಮಾಡ್ಕೋತೀಯಾ?” ಐಸನ್ನು ಮಂಡಿಯ ಇನ್ನೊಂದು ಬದಿಗೆ ಸರಿಸುತ್ತ ಅಂದರು, “ನಾನೂ ಹತ್ತು ದಿನದಿಂದ ಸದ್ದು ಬರತ್ತಾ ಅಂತ ಸೀಲಿಂಗ್ ನೋಡ್ಕೊಂಡೇ ಕೂತಿದ್ದೆ.”

ನೋವು ಹೋಗಲು ನಾಲ್ಕು ದಿನ ಬೇಕಾಯಿತು. ಐದನೆಯ ಸಂಜೆ ಕೆಳಗಿಳಿದೆ. ಒಟ್ಟು ಹದಿನಾಲ್ಕು ಮೆಟ್ಟಿಲು. ನಡುವೆ ನಿಂತು, ಏನು ನೆಪ ಹೇಳಲಿ ಎಂದು ಯೋಚಿಸಿದೆ; ಒಂದೂ ಹೊಳೆಯಲಿಲ್ಲ. ನೆಲ ಬಿಟ್ಟೇಳಲು ತೊಡೆಯಲ್ಲಿ ಬಲವಿದ್ದರಾಯಿತು, ನೆಪವಿಲ್ಲದೆ ಇನ್ನೊಬ್ಬರ ಮುಂದೆ ನಿಲ್ಲಲು ಬೇಕಾದ ಬಲ ದೇಹದ ಯಾವ ಭಾಗದಲ್ಲಿದೆಯೋ ಇವತ್ತಿಗೂ ನನಗೆ ಗೊತ್ತಿಲ್ಲ.

“ಸುಮ್ನ ಬಂದೆರೀ ಆಂಟಿ” ಎಂದೆ.

ಅವರು ಇನ್ನೊಂದು ಕುರ್ಚಿ ಎಳೆದರು.