ಸುಜಾತ ಒತ್ತಿದ ಬಟನ್

ಗೋಣಿಚೀಲದಿಂದ ಸೇವಂತಿಗೆ ಸುರಿದರೆ ಸದ್ದೇ ಆಗುವುದಿಲ್ಲ ಎಂದುಕೊಂಡಿದ್ದೆ. ಆಗುತ್ತದೆ. ಹಿಂಡಿದ ಬಟ್ಟೆಯನ್ನು ಕೈಜಾರಿ ನೆಲಕ್ಕೆ ಬಿಟ್ಟ ಹಾಗೆ – ಅಷ್ಟು ಮೆತ್ತಗೆ, ಅಷ್ಟು ಭಾರವಾಗಿ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಚಿಂತಾಮಣಿ ರಸ್ತೆಯ ಪಕ್ಕದಲ್ಲಿ ರೈತ ಚೌಡರೆಡ್ಡಿ ತಮ್ಮ ಹೂವನ್ನೆಲ್ಲ ಚೀಲ ಚೀಲವಾಗಿ ಸುರಿದುಬಿಟ್ಟರು. ಆ ಹೂವು ಹಾಳಾದದ್ದು ವ್ಯಾಪಾರಿ ಸುಜಾತಳಿಂದ ಎಂದು ಎಲ್ಲರೂ ಹೇಳಿದರು. ಅಲ್ಲ. ನನ್ನಿಂದ. ಅದು ನನಗೆ ಆ ವಾರವೇ ಗೊತ್ತಾಯಿತು – ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ನಾನು ಶಿಡ್ಲಘಟ್ಟದ ಕಡೆಯ ಜಮೀನ್ದಾರರ ಮನೆಯವಳು. ಕಾನ್ವೆಂಟಿನಲ್ಲಿ ಓದಿದೆ. ಹೆಣ್ಣುಮಕ್ಕಳು ಕಂಪ್ಯೂಟರ್ ಎಂಬ ಪದವನ್ನೇ ಕೇಳಿರದ ಕಾಲದಲ್ಲಿ, ರಂಧ್ರ ಕೊರೆದ ಕಾರ್ಡುಗಳ ಕಟ್ಟು ಹಿಡಿದು ಪ್ರೋಗ್ರಾಂ ಓಡಿಸಿದವಳು. ಆ ಬಗ್ಗೆ ನನಗೆ ಬಹಳ ಪ್ರೈಡ್ ಇತ್ತು – ಈಗಲೂ ಪೂರ್ತಿ ಹೋಗಿದೆ ಎಂದು ಹೇಳಲಾರೆ. ರಿಟೈರ್ ಆಗಿ ಚಿಕ್ಕಬಳ್ಳಾಪುರಕ್ಕೆ ಬಂದು ಕೂತಿದ್ದಾಗ ನನ್ನ ತಮ್ಮನ ಮಗಳು ಶೈಲಾ, ಹೂವಿನ ರೈತರಿಗೂ ವ್ಯಾಪಾರಿಗಳಿಗೂ ಒಂದು ಆ್ಯಪ್ ಮಾಡೋಣ ಅಂದಳು. "ಅತ್ತೆ, ನೀವಿಲ್ದೆ ಆಗಲ್ಲ" ಎಂದಳು. ಆ ಒಂದು ಮಾತು ಸಾಕಾಯಿತು ನನಗೆ.

ಆ್ಯಪ್ ಸರಳವಾಗಿತ್ತು. ಬೆಳಗಾಗುತ್ತಿದ್ದಂತೆ ರೈತ ತನ್ನ ಹೂವಿನ ಫೋಟೋ ಹಾಕುತ್ತಾನೆ, ವ್ಯಾಪಾರಿಗಳು ರೇಟು ಕೂಗುತ್ತಾರೆ, ಗೆದ್ದವರ ಹೆಸರು ರೈತನ ಫೋನಿನಲ್ಲಿ ಬೀಳುತ್ತದೆ. ಆಮೇಲೆ ಅವನು ಬೇರೆ ಯಾರಿಗೂ ಕೊಡುವಂತಿಲ್ಲ. ಗೆದ್ದವರಿಗೆ ಅಡಚಣೆಯಾದರೆ ಕೂಡಲೇ ರದ್ದು ಮಾಡಬೇಕು – ಆಗ ಹೂವು ಇನ್ನೊಬ್ಬರಿಗೆ ಹೋಗುತ್ತದೆ. ಆ್ಯಪ್ ಬಿಟ್ಟು ಹೊರಗೆ ವ್ಯವಹಾರ ಕುದುರಿಸಬಾರದೆಂದು ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಆ ನಿಯಮವೂ ನನ್ನದೇ.

ಮಂಡಿಯಲ್ಲಿ ಎಲ್ಲರಿಗಿಂತ ಮೊದಲು ಆ್ಯಪಿಗೆ ಸೇರಿದವಳು ಸುಜಾತ. ಗೌರಿಬಿದನೂರಿನವಳು, ಬಿ.ಕಾಂ. ಓದಿದವಳು. ಅವಳ ಅಂಗಡಿಯಲ್ಲಿ ಬುದ್ಧನ ಪಟ, ಅದರ ಕೆಳಗೆ ದಿನಾ ಒಂದೇ ಒಂದು ಬಿಳಿ ಸೇವಂತಿಗೆ. ಹಳೆಯ ಮಂಡಿಯಲ್ಲಿ ಎಲ್ಲರೂ ಆರಿಸಿಕೊಂಡ ಮೇಲೆ ಉಳಿದ ಹೂವು ಅವಳ ಪಾಲಿಗೆ ಬರುತ್ತಿತ್ತು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಟ್ರೈನಿಂಗ್ ದಿನ ನಾನು ಎಲ್ಲರ ಮುಂದೆ, "ಕಂಪ್ಯೂಟರ್ ಜಾತಿ ನೋಡಲ್ಲ, ಸುಳ್ಳು ಹೇಳಲ್ಲ" ಎಂದು ಭಾಷಣ ಬಿಗಿದಿದ್ದೆ. ಅವಳು ಅದನ್ನು ನಂಬಿದಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವಳು ಚೌಡರೆಡ್ಡಿಯ ಇಡೀ ತೋಟದ ಹೂವನ್ನು ಗೆದ್ದಳು. ಕೈವಾರದ ಹತ್ತಿರ ಅವಳ ಟೆಂಪೋದ ಆಕ್ಸಲ್ ಮುರಿಯಿತು. ರಸ್ತೆ ಬದಿಯಲ್ಲೇ ನಿಂತು ರದ್ದು ಬಟನ್ ಒತ್ತಿದಳು. 'ರದ್ದಾಗಿದೆ' ಎಂದು ಹಸಿರಕ್ಷರ ಬಂತು. ಫೋನ್ ಬ್ಯಾಗಿಗೆ ಹಾಕಿ ಮೆಕ್ಯಾನಿಕ್ ಹುಡುಕಲು ಹೋದಳು. ಚೌಡರೆಡ್ಡಿಯ ಫೋನಿನಲ್ಲಿ ಮಾತ್ರ ಅವಳ ಹೆಸರು ಹಾಗೇ ಇತ್ತು. ಅವರು ಕಾದರು, ಬಂದ ಬೇರೆ ಟೆಂಪೋಗಳನ್ನು ವಾಪಸ್ ಕಳಿಸಿದರು, ಮತ್ತೆ ಕಾದರು. ಅಷ್ಟರಲ್ಲಿ ಹೊರಗಿನ ಹೂವು ಬಂದು ರೇಟು ಬಿದ್ದುಹೋಯಿತು. ಹಬ್ಬ ಕಳೆದ ಮೇಲೆ ಆ ಹೂವು ಯಾರಿಗೆ ಬೇಕು?

ಅವಳು ಒತ್ತಿದ್ದು ಎಲ್ಲಿ ಹೋಯಿತು – ಅದನ್ನು ಹುಡುಕಿದವಳು ನಾನೇ.

ನಮ್ಮ ಆ್ಯಪ್ ಇದ್ದದ್ದು ಕ್ಲೌಡಿನಲ್ಲಿ, ಅಂದರೆ ಬಾಡಿಗೆ ಸರ್ವರ್‌ಗಳಲ್ಲಿ. ಜನ ಹೆಚ್ಚಾದರೆ ಸರ್ವರ್ ತಾನಾಗಿ ಹೆಚ್ಚಬೇಕು, ಜನ ಇಳಿದರೆ ತಾನಾಗಿ ಕಡಿಮೆಯಾಗಬೇಕು. ಹಬ್ಬದ ಮಂಡಿಗೆ ಹೆಚ್ಚಿನ ಆಳು ಕರೆದು, ರಶ್ ಇಳಿದ ಮೇಲೆ ಮನೆಗೆ ಕಳಿಸುವುದಿಲ್ಲವೇ, ಹಾಗೆ. ಅದಕ್ಕೆ ಆಟೋ-ಸ್ಕೇಲಿಂಗ್ ಎನ್ನುತ್ತಾರೆ. ಆ ದಿನ ಆ್ಯಪ್ ತೆವಳುತ್ತಿದೆ ಎಂದು ದೂರು ಬಂದಿದ್ದರಿಂದ ಗ್ರಾಫ್ ತೆಗೆದು ನೋಡಿದೆ. ಗೆರೆ ಏರಿತ್ತು, ಇಳಿದಿತ್ತು, ಮತ್ತೆ ಏರಿತ್ತು, ಮತ್ತೆ ಇಳಿದಿತ್ತು – ಉಬ್ಬಸದವರ ಎದೆಯ ಹಾಗೆ. ಸರ್ವರ್ ಸೇರಿಸುವ ಮಟ್ಟಕ್ಕೂ ತೆಗೆಯುವ ಮಟ್ಟಕ್ಕೂ ನಡುವೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ಕ್ಷಣ ಹೊತ್ತು ರಶ್ ಕಡಿಮೆಯಾದರೂ ಸಾಕು, ಒಂದಷ್ಟು ಸರ್ವರ್ ಮುಚ್ಚಿಹೋಗುತ್ತಿದ್ದವು. ಮರುಕ್ಷಣ ಹೊಸವು ಎದ್ದೇಳುತ್ತಿದ್ದವು.

ಅದಾದರೂ ಬರೀ ನಿಧಾನಕ್ಕೆ ಕಾರಣ. ನಿಜವಾದ ತಪ್ಪು ಇನ್ನೊಂದು. ಪ್ರತಿಯೊಂದು ಒತ್ತನ್ನೂ ಆಗಿಂದಾಗಲೇ ಡೇಟಾಬೇಸಿಗೆ ಬರೆದರೆ ಭಾರವಾಗುತ್ತದೆ ಎಂದು, ಸರ್ವರ್ ಅವನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತಿನ ಮೇಲೆ ಒಟ್ಟಿಗೆ ಬರೆಯುವಂತೆ ಮಾಡಿದ್ದೆ. ಬರೆಯುವ ಮೊದಲೇ 'ಆಗಿದೆ' ಎಂದು ಹೇಳಿಬಿಡುವಂತೆಯೂ. ಎಷ್ಟು ಕ್ಲೆವರ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಸುಜಾತಳ ರದ್ದನ್ನು ಕೇಳಿಸಿಕೊಂಡ ಸರ್ವರ್ ಅವಳಿಗೆ ಹಸಿರಕ್ಷರ ತೋರಿಸಿತು. ಬರೆಯುವ ಮುನ್ನ ಅದನ್ನು ಮುಚ್ಚಿಬಿಟ್ಟಿತು ನಮ್ಮ ವ್ಯವಸ್ಥೆ. ಹೇಳಬೇಕಾದ ಮಾತು ಬಾಯಲ್ಲಿರುವಾಗಲೇ ಆಳನ್ನು ಆಚೆ ದಬ್ಬಿ ಬಾಗಿಲು ಹಾಕಿದ ಹಾಗೆ. ಎಲ್ಲ ಸರ್ವರ್‌ಗಳ ಮುಂದೆ ಬಾಗಿಲು ಕಾಯುವ ಒಂದು ವ್ಯವಸ್ಥೆ ಇರುತ್ತದೆ, ಅದು ಬಂದುಹೋದದ್ದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳುತ್ತದೆ. ಅಲ್ಲಿ ಇತ್ತು – ಸುಜಾತಳ ರದ್ದು ಬಂದದ್ದು, ಸರಿಯಾಗಿ ಉತ್ತರ ಹೋದದ್ದು. ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ. ಇತ್ತು.

ಹೂವು ಸುರಿದ ಮಾರನೆಯ ದಿನ ಮಂಡಿಯಲ್ಲಿ ಎಲ್ಲರನ್ನೂ ಸೇರಿಸಿದ್ದರು.

"ಏಮಮ್ಮಾ ಸುಜಾತಾ," ಎಂದರು ಚೌಡರೆಡ್ಡಿ, "ರೇಟು ಬಿದ್ದೇಟ್ಗೆ ನಿನ್ ಟೆಂಪೋನೂ ಬಿದ್ದೋಯ್ತಾ?"

ಎಲ್ಲರೂ ನಕ್ಕರು.

"ರೇಟು ಬೀಳೋಕ್ ಮುಂಚೇನೇ ಆಕ್ಸಲ್ ಮುರೀತು ರೆಡ್ಡಿಗಾರು. ಬೇರೆಯೋರಾದ್ರೂ ಹೂವು ತಗೊಳ್ಲಿ ಅಂತ ಆಗ್ಲೇ ಕ್ಯಾನ್ಸಲ್ ಮಾಡ್ದೆ. ರದ್ದಾಗಿದೆ ಅಂತ ಬಂತು, ನನ್ ಕಣ್ಣಾರೆ ನೋಡಿದೀನಿ."

"ಮಾತಿಗೆ ನಿಲ್ಲೋ ಜನಾನೇನಪ್ಪ ಅವ್ರು? ನಮ್ ತಾತನ್ ಕಾಲದಿಂದ ನೋಡಿದೀವಿ" – ಹಿಂದಿನಿಂದ ಯಾರೋ. ಈ ಸಲ ಯಾರೂ ನಗಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ. ನಾನೂ ಅನ್ನಲಿಲ್ಲ.

ಸುಜಾತ ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ – ಅದೇ ನನ್ನನ್ನು ಇವತ್ತಿಗೂ – "ಮೇಡಂ ಹೇಳ್ಲಿ. ಮಿಷನ್ನು ಸುಳ್ಳು ಹೇಳಲ್ಲ ಅಂತ ಅವ್ರೇ ನಮಗೆ ಹೇಳ್ಕೊಟ್ಟಿರೋದು."

ಶೈಲಾ ನನ್ನ ಪಕ್ಕದಲ್ಲಿದ್ದಳು. ಅವಳಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ. "ಕಂಪ್ಯೂಟರ್ ಅಜ್ಜಿ" ಎಂದು ನನ್ನನ್ನು ಕಿಚಾಯಿಸುತ್ತಿದ್ದ ವ್ಯಾಪಾರಿಗಳೆಲ್ಲ ಎದುರಿಗಿದ್ದರು. ಕಾನ್ವೆಂಟಿನಲ್ಲಿ ಏನಾದರೂ ಒಡೆದುಹೋದರೆ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ, "ಓನ್ ಅಪ್, ಗರ್ಲ್ಸ್" ಎನ್ನುತ್ತಿದ್ದರು – ತಪ್ಪು ಮಾಡಿದವರು ಒಪ್ಪಿಕೊಳ್ಳಿ ಎಂದು. ನಾನು ಯಾವಾಗಲೂ ಒಂದು ಹೆಜ್ಜೆ ಮುಂದೆ ಬರುತ್ತಿದ್ದವಳು. ಅವತ್ತು ಬರಲಿಲ್ಲ.

"ಸಿಸ್ಟಂನಲ್ಲಿ ಕ್ಯಾನ್ಸಲ್ ಅಂತ ಏನೂ ಇಲ್ಲ" ಎಂದೆ.

ಡೇಟಾಬೇಸಿನಲ್ಲಿ ಇರಲಿಲ್ಲ, ನಿಜ. ಹಾಗೆಂದು ಆ ಕ್ಷಣದಲ್ಲೇ ಲೆಕ್ಕ ಹಾಕಿ, ಪದ ಆರಿಸಿ ಹೇಳಿದೆ. ಸುಳ್ಳು ಹೇಳಿದ್ದರೆ ಬಾಯಿ ತಪ್ಪಿ ಬಂತು ಎಂದಾದರೂ ಅನ್ನಬಹುದಿತ್ತು. ಅಲ್ಲಿದ್ದವರೆಲ್ಲ ಅವಳ ಜಾತಿಯ ಬಗ್ಗೆ ಮೊದಲೇ ನಂಬಿದ್ದನ್ನು ನನ್ನ ಮಾತು ಗಟ್ಟಿ ಮಾಡಿತು. ಅವರು ಮೊದಲೇ ನಂಬಿದ್ದರಿಂದಲೇ ನನಗೆ ಅಷ್ಟು ಸುಲಭವಾಯಿತು. ಅವಳ ಜಾಗದಲ್ಲಿ ಚೌಡರೆಡ್ಡಿ ಇದ್ದಿದ್ದರೆ ಜನ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಯಾರೂ ಕೇಳಲಿಲ್ಲ.

ಆ ವಾರವೇ ಎಲ್ಲವನ್ನೂ ಸರಿಮಾಡಿದೆ. ಸೇರಿಸುವ, ತೆಗೆಯುವ ಮಟ್ಟಗಳ ನಡುವೆ ಅಂತರ ಇಟ್ಟೆ. ಮುಚ್ಚುವ ಸರ್ವರ್‌ಗೆ ಹೊಸ ಕೆಲಸ ಕೊಡದೆ, ಕೈಯಲ್ಲಿರುವುದನ್ನು ಮುಗಿಸಿ ಹೋಗಲು ಸಮಯ ಕೊಟ್ಟೆ. ಡೇಟಾಬೇಸಿಗೆ ಬರೆದಾದ ಮೇಲೆಯೇ ಹಸಿರಕ್ಷರ ಬರುವಂತೆ ಮಾಡಿದೆ. ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂದು ಬಳಸುವವರಿಗೆ ತಿಳಿಸಬೇಕಲ್ಲ – 'ಸಣ್ಣಪುಟ್ಟ ಸುಧಾರಣೆಗಳು' ಎಂದು ಬರೆದೆ. ಅದಾದ ಮೇಲೆ ಒಂದೇ ಒಂದು ಒತ್ತು ಕಳೆದುಹೋಗಲಿಲ್ಲ. ಒಂದು ಸರ್ವರ್‌ಗೆ ತನ್ನ ಮಾತು ಮುಗಿಸುವವರೆಗೆ ಸಮಯ ಕೊಟ್ಟೆ. ಸುಜಾತಳಿಗೆ –

ಅವಳನ್ನು ಆ್ಯಪಿನಿಂದ ತೆಗೆದೆವು. ಮಂಡಿಯಲ್ಲೂ ರೈತರು ಅವಳಿಗೆ ಮಾತಿನ ಮೇಲೆ ಹೂವು ಬಿಡುವುದನ್ನು ನಿಲ್ಲಿಸಿದರು. ಹೂವಿನ ವ್ಯಾಪಾರದಲ್ಲಿ ಮಾತು ಹೋದರೆ ಇನ್ನೇನು ಉಳಿಯುತ್ತದೆ? ಮುಂದಿನ ಯುಗಾದಿಗೆ ಅವಳ ಅಂಗಡಿಯಲ್ಲಿ ಬೇರೆಯವರಿದ್ದರು. ಬುದ್ಧನ ಪಟ ಇದ್ದ ಕಡೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ವರ್ಷಗಳಾದವು. ಶೈಲಾ ಆ್ಯಪನ್ನು ಬೇರೆಯವರಿಗೆ ಕೊಟ್ಟಳು. ಮೊನ್ನೆ ಇದನ್ನೆಲ್ಲ ಬರೆದು ಅವಳಿಗೆ ಓದಿ ಹೇಳಿದೆ. "ಅವತ್ತೇ ಯಾಕ್ ಹೇಳ್ಲಿಲ್ಲ ಅತ್ತೆ?" ಎಂದಳು. ನನ್ನ ಬಳಿ ಇದ್ದ ಉತ್ತರ ಹೇಳಿಕೊಳ್ಳುವಂಥದ್ದಲ್ಲ. ಈ ಭಾನುವಾರ ಅದೇ ಮಂಡಿಗೆ ಹೋಗಿ, ಅದೇ ಜನರ ಮುಂದೆ, ಚೌಡರೆಡ್ಡಿಯವರನ್ನೂ ಕರೆಸಿ ಇದನ್ನು ಓದುತ್ತೇನೆ. ಅದಕ್ಕಿಂತ ಮೊದಲು ಗೌರಿಬಿದನೂರಿಗೆ ಹೋಗಬೇಕು.

ಸುಜಾತಳನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ. ಬುಟ್ಟಿಯಿಟ್ಟುಕೊಂಡು ಕನಕಾಂಬರವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಿದ್ದಳು. ನಾನು ಮುಖ ತಿರುಗಿಸುವಷ್ಟರಲ್ಲಿ ಅವಳೇ ಕರೆದಳು. "ಮೇಡಂ, ಚೆನ್ನಾಗಿದೀರಾ? ಎಷ್ಟು ಇಳ್ದೋಗಿದೀರಲ್ಲ!" ಬೇಡವೆಂದರೂ ಒಂದು ಮೊಳ ಹೂವು ಕತ್ತರಿಸಿ ಕೈಗಿಟ್ಟಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಒಂದ್ ಕೇಳ್ಲಾ ಮೇಡಂ? ಬೇಜಾರ್ ಮಾಡ್ಕೋಬೇಡಿ. ಅವತ್ತು ನಾನು ಒತ್ತಿದ್ದು ಬೇರೆ ಯಾವ್ದಾದ್ರೂ ಬಟನ್ನಾ? ಗಾಬ್ರೀಲಿ ತಪ್ಪೊತ್ತಿದ್ನೇನೋ. ಹಸ್ರು ಬಂದಂಗೆ ನಾನೇ ಅಂದ್ಕೊಂಡ್ನೇನೋ... ಈಗೀಗ ನಂಗೇ ಗ್ಯಾನ ಬರಲ್ಲ."

ಬಸ್ಸು ಬಂತು. ನಾನು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಇನ್ನೂ ನನ್ನ ಕಡೆಗೇ ನೋಡುತ್ತಿದ್ದಳು – ಉತ್ತರಕ್ಕೆ ಕಾಯುತ್ತಿದ್ದಳು.

ನೀನು ಸರಿಯಾದ ಬಟನ್ನೇ ಒತ್ತಿದ್ದೆ ಕಣಮ್ಮ, ಸುಜಾತ. ಹಸಿರೂ ಬಂದಿತ್ತು.