ಮೆಟ್ಟಿಲ ಕೆಳಗಿನ ಬಾಗಿಲಕ್ಕ

ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಈ ಕೋಣೆಗೆ ಅದು ತಿಳಿಯುವುದಿಲ್ಲ, ಏಕೆಂದರೆ ಇಲ್ಲಿ ಕಿಟಕಿಯೇ ಇಲ್ಲ. ಆಸ್ಪತ್ರೆಯ ದೊಡ್ಡ ಮೆಟ್ಟಿಲ ಕೆಳಗೆ, ಬಟ್ಟೆ ಒಗೆಯುವ ವಿಭಾಗಕ್ಕೆ ಅಂಟಿಕೊಂಡಂತೆ, ಒಂದು ಕಾಲಕ್ಕೆ ಪೊರಕೆ ಬಕೆಟ್ಟು ಇಡುತ್ತಿದ್ದ ಜಾಗವಿದು. ತಲೆಯ ಮೇಲೆ ಯಾರೋ ಅವಸರದಿಂದ ಇಳಿದುಹೋಗುವ ಸದ್ದು ಕೇಳುತ್ತದೆ. ಗೋಡೆಯಾಚೆ ಒಗೆಯುವ ಯಂತ್ರ ಗುಡುಗುಟ್ಟುತ್ತದೆ. ಮೇಜಿನ ಮೇಲೆ ಎರಡು ಪರದೆ, ಒಂದು ಹಳೆಯ ಫೋನು, ಚಹಾದ ಫ್ಲಾಸ್ಕು. ಇಲ್ಲಿ ಕೆಲಸ ಮಾಡುವಾಕೆ ಬಂದವರೇ ಕುರ್ಚಿಯ ಬೆನ್ನಿಗಿದ್ದ ಬೂದುಬಣ್ಣದ ಸ್ವೆಟರ್ ಹಾಕಿಕೊಳ್ಳುತ್ತಾರೆ, ಕರ್ಚೀಫಿನಿಂದ ಕನ್ನಡಕ ಒರೆಸುತ್ತಾರೆ, ಪರದೆಯ ಮುಂದೆ ಬಾಗುತ್ತಾರೆ. ಅಷ್ಟರಲ್ಲಿ ಫೋನು.

ಆ ಕಡೆ ಪ್ರಯೋಗಾಲಯದ ಹುಡುಗಿ. ಪಾಸ್‌ವರ್ಡ್ ಮರೆತಿದ್ದಾಳೆ. ದನಿ ನಾಚಿಕೆಯಿಂದ ಕುಗ್ಗಿದೆ.

“ನೀವೇ ಮೊದಲಲ್ಲ ಬಿಡಿ, ಬೆಳಗ್ಗೆಯಿಂದ ಇದು ನಾಲ್ಕನೇದು. ರಜೆ ಮುಗಿಸಿ ಬಂದ್ರಾ? ಹಾಗಾದ್ರೆ ಮರೆಯದೆ ಇನ್ನೇನು! ಫೋನ್ ಇಡಿ, ನಾನೇ ಲ್ಯಾಬಿನ ನಂಬರಿಗೆ ಮಾಡ್ತೀನಿ. ಪಕ್ಕದಲ್ಲಿ ಯಾರಿದ್ದಾರೋ ಅವರ ಕೈಗೆ ಒಂದು ನಿಮಿಷ ಕೊಡಿ, ನೀವು ನೀವೇ ಅಂತ ಅವರು ಹೇಳಲಿ.”

ಕೆಲಸ ಮುಗಿದು ಫೋನಿಟ್ಟ ಮೇಲೆ ನಾನು ಆಕೆಯ ಮುಖ ನೋಡುತ್ತೇನೆ. ನಾವು ಬಾಗಿಲು ತೆರೆದು ಒಳಗೆ ಬಂದ ಮೇಲೆ ಬಂದ ಮೊದಲ ಕರೆ ಇದು. ಆಕೆ ನಕ್ಕುಬಿಡುತ್ತಾರೆ. “ಮರೆತವರು ಮೊದಲೇ ಅರ್ಧ ಸತ್ತಿರ್ತಾರೆ. ಜೊತೆಗೆ ಇನ್ನೂ ಮೂರು ಜನ ಇದ್ದಾರೆ ಅಂದ್ರೆ ಸ್ವಲ್ಪ ಉಸಿರು ಬರುತ್ತೆ.”

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಬಾಗಿಲಕ್ಕ ಎಂದು. ಆದರೆ ಇವರು ಕಾಯುವ ಬಾಗಿಲು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಆಸ್ಪತ್ರೆಯಲ್ಲಿ ಮತ್ತು ಇದಕ್ಕೆ ಸೇರಿದ ಸಣ್ಣ ಚಿಕಿತ್ಸಾಲಯಗಳಲ್ಲಿ ನರ್ಸು, ವೈದ್ಯರು, ಔಷಧಿ ಕೊಡುವವರು, ಎಕ್ಸ್‌ರೇ ತೆಗೆಯುವವರು, ಯಾರೇ ಆಗಲಿ ಕೆಲಸ ಶುರುಮಾಡುವ ಮುನ್ನ ಕಂಪ್ಯೂಟರಿಗೆ ತಾವು ಯಾರೆಂದು ಹೇಳಬೇಕು. ಹೇಳಿದವರು ನಿಜಕ್ಕೂ ಅವರೇನಾ, ಅವರು ಯಾವ ರೋಗಿಯ ವಿವರ ನೋಡಬಹುದು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸುವ ಒಂದು ವ್ಯವಸ್ಥೆ ಇದೆ. ಅದನ್ನು ಗುರುತಿನ ಸೇವೆ ಎನ್ನುತ್ತಾರೆ. ಅದು ಓಡುವುದು ಎಲ್ಲೋ ದೂರದಲ್ಲಿ ಬಾಡಿಗೆಗೆ ಪಡೆದ ಯಂತ್ರಗಳ ಮೇಲೆ, ಈಗ ಎಲ್ಲರೂ ಕ್ಲೌಡ್ ಎನ್ನುವುದರಲ್ಲಿ. ದಿನಕ್ಕೆ ಸಾವಿರಾರು ಸಲ ಆ ಬಾಗಿಲು ತೆರೆದು ಮುಚ್ಚುತ್ತದೆ. ಅದನ್ನು ನಡೆಸುವವರು ಇವರೊಬ್ಬರೇ.

“ಆ ಯಂತ್ರಗಳನ್ನ ನಾನು ಕಣ್ಣಾರೆ ನೋಡಿಯೇ ಇಲ್ಲ. ನಮ್ಮೆಜಮಾನ್ರು ರೇಗಿಸ್ತಾರೆ, ಕೆಲಸ ಮೋಡದ ಮೇಲೆ, ಕುರ್ಚಿ ಮೆಟ್ಟಿಲ ಕೆಳಗೆ ಅಂತ.”

ಯಜಮಾನರು ಬಸ್ ಚಾಲಕರು. ಬೆಳಗಿನ ಮೊದಲ ಬಸ್ಸು ಅವರದೇ ಆದ್ದರಿಂದ ಇವರೂ ಅದರಲ್ಲೇ, ಚಾಲಕನ ಹಿಂದಿನ ಸೀಟಿನಲ್ಲಿ ಬರುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ. ಸೊಸೆಯ ಕೆಲಸ ಏನೆಂದು ಅವರಿಗೆ ಅರ್ಥಮಾಡಿಸಲು ಇವರು ಒಮ್ಮೆ ಕೂತು ಹೇಳಿದರಂತೆ: “ಬಂದವರನ್ನ ನೀವು ಯಾರು ಅಂತ ಕೇಳೋ ಕೆಲಸ ಅತ್ತೆ.” ಅತ್ತೆ ಕೇಳಿಸಿಕೊಂಡು, “ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ನಾನು ಬಾಗಿಲಲ್ಲಿ ಕೂತು ದಿನಾ ಪುಕ್ಕಟೆ ಕೇಳ್ತೀನಿ” ಎಂದರಂತೆ.

ಇವರು ಇಲ್ಲಿ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಕೆಲಸ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡರು. ತರಗತಿಯಲ್ಲಿ ಉಳಿದವರೆಲ್ಲ ಇವರ ಅರ್ಧ ವಯಸ್ಸಿನವರು, ಮೊದಲ ದಿನ ಇವರನ್ನು ಮೇಡಂ ಎಂದುಕೊಂಡು ಎದ್ದು ನಿಂತರಂತೆ. ಹಳೆಯ ಕೆಲಸದ ಒಂದು ಅಭ್ಯಾಸ ಮಾತ್ರ ಬಿಟ್ಟಿಲ್ಲ: ದನಿ ಪರಿಚಿತವಾದರೂ ಪಕ್ಕದವರ ಸಾಕ್ಷಿಯಿಲ್ಲದೆ ಪಾಸ್‌ವರ್ಡ್ ಬದಲಿಸುವುದಿಲ್ಲ. ಒಮ್ಮೆ ಹಿರಿಯ ವೈದ್ಯರೊಬ್ಬರು ಹೊರಗಿನಿಂದ ಫೋನ್ ಮಾಡಿ, “ನಾನು ಯಾರು ಗೊತ್ತೇನ್ರೀ?” ಎಂದು ಗುಡುಗಿದರಂತೆ. “ಅದನ್ನೇ ಸಾರ್ ನಾನೂ ಕೇಳ್ತಿರೋದು” ಎಂದರಂತೆ ಇವರು. ಆ ವೈದ್ಯರು ಮರುದಿನ ಬಂದು, ಸಿಟ್ಟು ಮಾಡಿಕೊಳ್ಳಬಾರದಿತ್ತು ಎಂದು ಹೇಳಿ ಹೋದರು ಎನ್ನುವುದನ್ನೂ ಆಕೆ ಮರೆಯದೆ ಹೇಳುತ್ತಾರೆ.

ಇವರ ಬಗ್ಗೆ ಬರೆಯಲು ನಾನು ಬಂದಿರುವ ಈ ದಿನ ಸಾಮಾನ್ಯ ದಿನವಲ್ಲ. ಹಳೆಯ ಗುರುತಿನ ಸೇವೆಗೆ ವಯಸ್ಸಾಗಿದೆ. ಅದನ್ನು ತಯಾರಿಸಿದವರು ಇನ್ನು ಮುಂದೆ ದುರಸ್ತಿ ಮಾಡುವುದಿಲ್ಲ ಎಂದಿದ್ದಾರೆ. ಹೊಸದಕ್ಕೆ ಹೋಗಲೇಬೇಕು. ಕಳೆದ ತಿಂಗಳು ಒಮ್ಮೆ ಹೋಗಿ, ಬಿದ್ದು, ವಾಪಸ್ಸು ಬಂದದ್ದಾಗಿದೆ. ಇದು ಎರಡನೆಯ ಪ್ರಯತ್ನ. ಮೂರನೆಯದು ಇಲ್ಲ ಎಂದು ಆಡಳಿತಾಧಿಕಾರಿ ಹೇಳಿಬಿಟ್ಟಿದ್ದಾರೆ. ಇವತ್ತೂ ಬಿದ್ದರೆ ಇಡೀ ಕೆಲಸ ಹೊರಗಿನ ಕಂಪನಿಗೆ ಹೋಗುತ್ತದೆ. ಈ ಫೋನಿನ ಬದಲು ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ದನಿ ಬರುತ್ತದೆ. ಬಾಗಿಲಕ್ಕನಿಗೆ ಉಗ್ರಾಣದಲ್ಲಿ ಎಲ್ಲಾದರೂ ಒಂದು ಕುರ್ಚಿ.

ಮೊದಲ ಸಲ ಬಿದ್ದದ್ದೇಕೆ? ಫ್ಲಾಸ್ಕಿನಿಂದ ಚಹಾ ಸುರಿದುಕೊಡುತ್ತ ಆಕೆ ವಿವರಿಸುತ್ತಾರೆ.

“ಗುರುತು ನೋಡೋ ಸೇವೆಯನ್ನ ನಾವು ಬೀದಿಗೆ ಕೂರಿಸೋದಿಲ್ಲ. ಅದು ಒಳಕೋಣೇಲಿರುತ್ತೆ. ಮುಂದುಗಡೆ ಒಂದು ವೆಬ್ ಸರ್ವರ್ ಇಟ್ಟಿರ್ತೀವಿ, ಗೇಟಿನ ಕಾವಲುಗಾರನ ಹಾಗೆ. ಪರದೆ ಮೇಲೆ ಸಣ್ಣ ಬೀಗದ ಚಿತ್ರ ಕಾಣುತ್ತಲ್ಲ, ಅದು ಅವನದು. ಬಂದವರ ಹೆಸರು, ಪಾಸ್‌ವರ್ಡ್ ಇರೋ ಚೀಟಿಯನ್ನ ಅವನು ಈಸ್ಕೊಂಡು ಒಳಗೆ ಒಯ್ತಾನೆ, ಉತ್ತರ ತಂದು ಕೊಡ್ತಾನೆ. ಒಳಗಿನವಳು, ಅಂದ್ರೆ ಆ ಗುರುತಿನ ಸೇವೆ, ಹೊರಗೆ ಬರೋದೇ ಇಲ್ಲ. ಅವಳಿಗೆ ಒಂದು ನಿಯಮ ಇದೆ. ಒಂದೇ ಕಡೆಯಿಂದ ಐದು ಸಲ ತಪ್ಪು ಪಾಸ್‌ವರ್ಡ್ ಬಂದ್ರೆ, ಯಾರೋ ಕಳ್ಳ ಕೈ ಆಡಿಸ್ತಿದ್ದಾನೆ ಅಂತ ಆ ಕಡೆಯವರಿಗೆ ಸ್ವಲ್ಪ ಹೊತ್ತು ಬಾಗಿಲು ಹಾಕೋದು.”

ಒಳ್ಳೆಯ ನಿಯಮವೇ. ಆದರೆ ಚೀಟಿ ಯಾವ ಕಂಪ್ಯೂಟರಿನಿಂದ ಬಂತು ಎನ್ನುವುದನ್ನು ಕಾವಲುಗಾರ ಒಳಗೆ ಹೇಳಬೇಕು. ಅವನು ಹೇಳುತ್ತಿದ್ದ. ಅವನ ಮಾತನ್ನು ನಂಬು ಎಂದು ಹೊಸದಾಗಿ ಬಂದ ಒಳಗಿನವಳಿಗೆ ಇವರು ಹೇಳಿರಲಿಲ್ಲ. ಅವಳ ಕಣ್ಣಿಗೆ ಇಡೀ ಆಸ್ಪತ್ರೆಯ ಚೀಟಿಗಳೆಲ್ಲ ಒಬ್ಬನೇ ಮನುಷ್ಯನ ಕೈಯಿಂದ ಬರುತ್ತಿದ್ದವು.

“ಭಾನುವಾರ ಹೊಸದನ್ನ ಹಾಕಿದೆ. ಜನವೇ ಇಲ್ಲ, ಎಲ್ಲಾ ಚೆನ್ನಾಗಿತ್ತು. ಸೋಮವಾರ ಬೆಳಗ್ಗೆ ಪಾಳಿ ಬದಲಾಗೋ ಹೊತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟವರು, ಈಗಷ್ಟೇ ಬಂದವರು, ಇಲ್ಲೊಬ್ಬರು ಅಲ್ಲೊಬ್ಬರು ಅಕ್ಷರ ತಪ್ಪಿ ಹೊಡೆದ್ರು. ದಿನಾ ಆಗೋದೇ. ಬೇರೆ ಬೇರೆ ವಾರ್ಡಿನವರ ತಪ್ಪೆಲ್ಲ ಸೇರಿ ಐದಾಯ್ತು. ಅವಳು ಕಾವಲುಗಾರನನ್ನೇ ಕಳ್ಳ ಅಂದ್ಕೊಂಡು ಅವನ ಮುಖಕ್ಕೇ ಬಾಗಿಲು ಹಾಕಿಬಿಟ್ಲು. ಇಡೀ ಆಸ್ಪತ್ರೆ ಹೊರಗೆ!”

ಅದರ ಪೆಟ್ಟು ಬಿದ್ದದ್ದು ಡಯಾಲಿಸಿಸ್ ವಿಭಾಗಕ್ಕೆ. ಬೆಳಗಿನ ಮೊದಲ ತಂಡದ ರೋಗಿಗಳು ಕುರ್ಚಿಗಳಲ್ಲಿ ಒರಗಿ ತೋಳು ಚಾಚಿಕೊಂಡು ಕಾಯುತ್ತಿದ್ದರು. ಯಾರಿಗೆ ಎಷ್ಟು ನೀರು ತೆಗೆಯಬೇಕು, ಯಾವ ಔಷಧಿ ಎಷ್ಟು ಎನ್ನುವ ವಿವರ ಪರದೆಯೊಳಗೆ ಸಿಕ್ಕಿಕೊಂಡಿತ್ತು. ಹಳೆಯ ಸೇವೆಯನ್ನು ಮತ್ತೆ ಹಚ್ಚಿ ಬಾಗಿಲು ತೆರೆಸುವಷ್ಟರಲ್ಲಿ ಚಿಕಿತ್ಸೆ ತಡವಾಗಿತ್ತು. ಯಾರ ಜೀವಕ್ಕೂ ತೊಂದರೆಯಾಗಲಿಲ್ಲ, ನಿಜ. “ಆಗಬಹುದಿತ್ತಲ್ಲ” ಎಂದಷ್ಟೇ ಹೇಳಿ ಬಾಗಿಲಕ್ಕ ಲೋಟ ಕೆಳಗಿಡುತ್ತಾರೆ.

ಆ ದಿನ ಆಕೆ ಮೆಟ್ಟಿಲು ಹತ್ತಿ ಡಯಾಲಿಸಿಸ್ ವಿಭಾಗಕ್ಕೆ ಹೋದರು. ತಪ್ಪು ನನ್ನದು ಎಂದು ಕುರ್ಚಿಯಿಂದ ಕುರ್ಚಿಗೆ ಹೇಳಿಕೊಂಡು ಬಂದರು. ಕೆಲವರು ಬೈದರು. ಒಬ್ಬರು ಮುಖ ತಿರುಗಿಸಿಕೊಂಡರು. ಕೊನೆಯ ಕುರ್ಚಿಯಲ್ಲಿದ್ದ ವಯಸ್ಸಾದ ದರ್ಜಿ ಮಾತ್ರ ಆಕೆಯ ಮುಖವನ್ನೇ ನೋಡಿ ಕೇಳಿದರು: “ಎಲ್ಲಿ ತಪ್ಪಿತು ಅಂತ ಗೊತ್ತಾಯ್ತಾ ತಾಯಿ?” ಗೊತ್ತಾಯಿತು ಎಂದರು ಇವರು. “ಹಾಗಾದ್ರೆ ಬಿಚ್ಚಿ ಹೊಲಿ. ಅಳತೆ ತಪ್ಪಿತು ಅಂತ ನಾನು ಎಷ್ಟು ಅಂಗಿ ಬಿಚ್ಚಿದ್ದೀನೋ. ಬಟ್ಟೆ ಬಿಸಾಕಿಲ್ಲ.”

ಇವತ್ತು ಆ ಬಿಚ್ಚಿ ಹೊಲಿದ ಅಂಗಿಯನ್ನು ಹಾಕಿ ನೋಡುವ ದಿನ. ಭಾನುವಾರವಲ್ಲ, ಬೇಕೆಂದೇ ಆರಿಸಿಕೊಂಡ ಕೆಲಸದ ದಿನ. “ಖಾಲಿ ಮನೇಲಿ ಬಾಗಿಲು ಸರಿಯಾಗೇ ಇರುತ್ತೆ. ನೂಕುನುಗ್ಗಲಲ್ಲಿ ನಿಲ್ಲಬೇಕು.” ಈ ಸಲ ರೋಗಿಗಳು ಕಾಯಬಾರದೆಂದು ಡಯಾಲಿಸಿಸ್‌ನ ಹಿರಿಯ ನರ್ಸ್ ತಾವೇ ಒಂದು ಉಪಾಯ ಮಾಡಿದ್ದಾರೆ. ಮೊದಲ ತಂಡದವರ ವಿವರಗಳನ್ನೆಲ್ಲ ಮುಂಚಿತವಾಗಿ ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಂಡಿದ್ದಾರೆ. ಕಳೆದ ತಿಂಗಳು ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಇವರೇ. “ಕೂಗಿದ್ದು ಕೂಗಿದ್ದೆ. ಅದಕ್ಕೆ ಈಗ ಹಾಳೆ ತೆಗೆದಿಟ್ಟಿದ್ದೀನಿ. ನೀನು ಧೈರ್ಯವಾಗಿ ಮಾಡು” ಎಂದು ನಿನ್ನೆ ಸಂಜೆ ಇದೇ ಕೋಣೆಗೆ ಬಂದು ಹೇಳಿಹೋದರಂತೆ.

ಬಾಗಿಲಕ್ಕ ಹೊಸ ಸೇವೆಯನ್ನು ಹಚ್ಚುತ್ತಾರೆ. ನೋಡಲು ಅಲ್ಲಿ ಏನೂ ಇಲ್ಲ. ಪರದೆಯ ಮೇಲೆ ಸಾಲುಗಳು ಓಡುತ್ತವೆ, ನಿಲ್ಲುತ್ತವೆ. ಪ್ರತಿ ಸಾಲಿನ ತುದಿಯನ್ನೂ ಆಕೆ ಬೆರಳಿಟ್ಟು ಓದುತ್ತಾರೆ. ಕಾವಲುಗಾರ ಹೇಳುವುದನ್ನು ನಂಬು ಎಂದು ಈ ಬಾರಿ ಒಳಗಿನವಳಿಗೆ ಹೇಳಿಯಾಗಿದೆ. “ಆದ್ರೆ ಅವನೊಬ್ಬನ ಮಾತು ಮಾತ್ರ. ಕಂಡಕಂಡವರೆಲ್ಲ ನಾನು ಅಲ್ಲಿಂದ ಬಂದೆ, ಇಲ್ಲಿಂದ ಬಂದೆ ಅಂದ್ರೆ ನಂಬಬಾರದು. ಅದನ್ನೂ ಹೇಳಿದ್ದೀನಿ.” ಬಳಿಕ ಫೋನೆತ್ತಿ ಹಿರಿಯ ನರ್ಸನ್ನು ಕರೆದು, ನನಗೂ ಕೇಳಲೆಂದು ಸ್ಪೀಕರ್ ಹಾಕುತ್ತಾರೆ.

“ಸಿಸ್ಟರ್, ನಿಮ್ಮ ಮೇಜಿನ ಕಂಪ್ಯೂಟರಲ್ಲಿ ಬೇಕಂತಲೇ ತಪ್ಪು ಪಾಸ್‌ವರ್ಡ್ ಹೊಡೀರಿ.”

“ಏನಂತ ಹೊಡೀಲಿ?”

“ಏನಾದ್ರೂ ಹೊಡೀರಿ, ಸರಿಯಾದದ್ದು ಬಿಟ್ಟು.”

“ಅಯ್ಯೋ, ಇಷ್ಟು ವರ್ಷದ ಸರ್ವಿಸಲ್ಲಿ ತಪ್ಪು ಮಾಡಮ್ಮ ಅಂತ ಹೇಳಿದವಳು ನೀನೊಬ್ಬಳೇ ನೋಡು.” ಕೀಲಿಗಳ ಟಕಟಕ. “ಒಂದು. ಆಗ್ಲಿಲ್ಲ ಅಂತಿದೆ. ಎರಡು. ನಮ್ಮ ನಾದಿನಿ ಹೆಸರು ಹಾಕಿದೆ, ಅವಳನ್ನ ಅದೂ ಒಪ್ಪಲಿಲ್ಲ.” ಹಿಂದಿನಿಂದ ಯಾರೋ ನಗುತ್ತಾರೆ. ಬಾಗಿಲಕ್ಕ ನಗುವುದಿಲ್ಲ. ಕಣ್ಣು ಪರದೆಯಲ್ಲೇ ಇದೆ. ಐದನೆಯದಕ್ಕೆ ನರ್ಸ್ ಹೇಳುತ್ತಾರೆ: “ಬಾಗಿಲು ಹಾಕ್ಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಬಾ ಅಂತಿದೆ.”

“ಈಗ ಪಕ್ಕದ ಕಂಪ್ಯೂಟರಿಗೆ ಬೇರೆಯವರನ್ನ ಕೂರಿಸಿ. ಸರಿಯಾದ ಪಾಸ್‌ವರ್ಡೇ ಹಾಕಲಿ.”

ಆ ಕಡೆ ಕುರ್ಚಿ ಎಳೆದ ಸದ್ದು. ಕಳೆದ ತಿಂಗಳಾಗಿದ್ದರೆ ಈ ಹೊತ್ತಿಗೆ ಇಡೀ ಆಸ್ಪತ್ರೆ ಹೊರಗೆ. ಬಾಗಿಲಕ್ಕನ ಕೈ ಮೇಜಿನ ಅಂಚನ್ನು ಹಿಡಿದಿದೆ. ಗೋಡೆಯಾಚೆ ಒಗೆಯುವ ಯಂತ್ರ ತಿರುಗುವುದನ್ನು ನಿಲ್ಲಿಸಿ ನೀರು ಬಿಡುತ್ತದೆ.

“ಒಳಗೆ ಬಂದ್ಲು ಕಣೇ,” ಎನ್ನುತ್ತಾರೆ ಹಿರಿಯ ನರ್ಸ್. “ನಾನು ಹೊರಗೆ, ಅವಳು ಒಳಗೆ.”

ಆಡಳಿತಾಧಿಕಾರಿ ಯಾವಾಗ ಬಂದರೋ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾರೆ. ಕೋಣೆಯಲ್ಲಿರುವುದು ಎರಡೇ ಕುರ್ಚಿ. ನಾನು ಏಳಲು ಹೋದರೆ ಬೇಡ ಎಂದು ಕೈಸನ್ನೆ ಮಾಡುತ್ತಾರೆ. “ಆಯ್ತಲ್ಲ? ಹಾಗಾದ್ರೆ ನಾನು ಮೇಲೆ ಹೇಳಿಬಿಡ್ಲಾ?”

“ಇನ್ನೂ ಇಲ್ಲ ಸಾರ್. ಪಾಳಿ ಬದಲಾಗಲಿ.”

ಪಾಳಿ ಬದಲಾಗುತ್ತದೆ. ತಲೆಯ ಮೇಲೆ ಮೆಟ್ಟಿಲು ತುಂಬ ಹೆಜ್ಜೆಗಳು, ಇಳಿಯುವವು, ಹತ್ತುವವು. ಪರದೆಯ ಮೇಲೆ ಸಾಲುಗಳು ಮಳೆಯಂತೆ ಬೀಳತೊಡಗುತ್ತವೆ. ಅಲ್ಲಲ್ಲಿ ಕೆಂಪು ಸಾಲು, ಯಾರದೋ ನಿದ್ದೆಗಣ್ಣಿನ ತಪ್ಪು. ಪ್ರತಿ ಕೆಂಪು ಸಾಲಿನಲ್ಲೂ ಬೇರೆ ಬೇರೆ ಕಂಪ್ಯೂಟರಿನ ವಿಳಾಸವಿದೆ. ಕೆಂಪಿನ ಹಿಂದೆಯೇ ಹಸಿರು ಬರುತ್ತದೆ. ಕಳೆದ ಸಲ ಬಾಗಿಲು ಮುಚ್ಚಿದ ಹೊತ್ತು ದಾಟುತ್ತದೆ. ಆಡಳಿತಾಧಿಕಾರಿ ಸದ್ದಿಲ್ಲದೆ ಫ್ಲಾಸ್ಕಿನಿಂದ ಲೋಟಕ್ಕೆ ಚಹಾ ಸುರಿದು ಬಾಗಿಲಕ್ಕನ ಕೈಗೆಟಕುವಲ್ಲಿ ಇಡುತ್ತಾರೆ. ಆಕೆ ಅದನ್ನು ಗಮನಿಸುವುದಿಲ್ಲ.

ಕೊನೆಗೊಮ್ಮೆ ಫೋನು ಹೊಡೆದುಕೊಳ್ಳುತ್ತದೆ. ಆಕೆ ಬೆಚ್ಚಿ ಎತ್ತುತ್ತಾರೆ. “ಏನಾಯ್ತು ಸಿಸ್ಟರ್?”

“ಏನೂ ಆಗಿಲ್ಲ. ಎಲ್ಲರಿಗೂ ಸೂಜಿ ಹಾಕಿ ಆಯ್ತು, ಹಾಳೆ ಮುಟ್ಟಲೇ ಇಲ್ಲ. ಅದನ್ನ ಹೇಳೋಣ ಅಂತ ಮಾಡ್ದೆ.”

“ಏನೂ ಆಗಿಲ್ಲ ಅನ್ನೋಕೆ ಹೀಗೆ ಫೋನ್ ಮಾಡ್ತಾರಾ? ನನ್ನೆದೆ ಬಾಯಿಗೆ ಬಂತು!”

“ಇರು, ದರ್ಜಿ ತಾತ ಏನೋ ಹೇಳ್ತಿದ್ದಾರೆ... ಹೊಲಿಗೆ ನಿಂತಿದೆಯಂತೆ.”

ಬಾಗಿಲಕ್ಕ ಕನ್ನಡಕ ತೆಗೆದು ಮತ್ತೆ ಒರೆಸುತ್ತಾರೆ. ಬೆಳಗಿನಿಂದ ಅದಕ್ಕೆ ಅಷ್ಟೇನೂ ಧೂಳು ಹಿಡಿದಿಲ್ಲ. ಬಳಿಕ ಆಡಳಿತಾಧಿಕಾರಿಯತ್ತ ತಿರುಗಿ, “ಈಗ ಹೇಳಿ ಸಾರ್” ಎನ್ನುತ್ತಾರೆ. ಅವರು ತಲೆಯಾಡಿಸಿ ಹೊರಡುತ್ತಾರೆ. ಎರಡು ಮೆಟ್ಟಿಲು ಹತ್ತಿದವರು ಹಿಂದಿರುಗಿ ಬಗ್ಗಿ ನೋಡಿ, “ಈ ಫೋನ್ ನಂಬರ್ ಹೀಗೇ ಇರಲಿ” ಎಂದು ಹೇಳಿ ಹೋಗುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಆಕೆ ತಣ್ಣಗಾದ ಚಹಾ ಗುಟುಕರಿಸಿ ಯೋಚಿಸುತ್ತಾರೆ. “ಒಂದು ದಿನ ರಜೆ ಹಾಕಿ ಅತ್ತೆ ಪಕ್ಕ ಬಾಗಿಲಲ್ಲಿ ಕೂತ್ಕೋಬೇಕು. ನಾನು ಬಂದಿಲ್ಲ ಅನ್ನೋದು ಇಲ್ಲಿ ಯಾರಿಗೂ ಗೊತ್ತಾಗಬಾರದು. ಬಾಗಿಲು ಅಷ್ಟು ಚೆನ್ನಾಗಿ ತೆರೀತಿರಬೇಕು.”

ಮತ್ತೆ ಫೋನು. ಈ ಸಲ ಮೂಳೆ ವಿಭಾಗದ ಸಹಾಯಕ. ನಾಲ್ಕು ದಿನ ಜ್ವರ ಬಂದು ಮಲಗಿದ್ದವನು, ಪಾಸ್‌ವರ್ಡ್ ಪೂರ್ತಿ ಮರೆತುಹೋಗಿದೆ, ಕ್ಷಮಿಸಿ ಅಕ್ಕಾ ಎನ್ನುತ್ತಿದ್ದಾನೆ. ಹೊಸ ಸೇವೆ ಶುರುವಾದ ಮೇಲೆ ಪಾಸ್‌ವರ್ಡ್ ಮರೆತು ಬಂದವನು ಅವನೇ ಮೊದಲು.

“ಅದಕ್ಯಾಕೆ ಕ್ಷಮೆ,” ಬಾಗಿಲಕ್ಕ ಕುರ್ಚಿಯನ್ನು ಮೇಜಿಗೆಳೆದುಕೊಳ್ಳುತ್ತಾರೆ. “ನೀನೇ ಮೊದಲಲ್ಲ ಬಿಡಪ್ಪ. ಬೆಳಗ್ಗೆಯಿಂದ ಇದು ನಾಲ್ಕನೇದು.”